ಹಡಗಿನಲ್ಲಿ ಮಧ್ಯಾಹ್ನದ ಟೀ: ಜಾಗ ಹಿಡಿಯುವುದರಿಂದ ಕ್ಯಾಬಿನ್ನಿನ ಖಡಕ್ ಟೀವರೆಗೆ

ಕ್ರೂಸ್ ಹಡಗಿನಲ್ಲಿ ಹೊರಟವರು ಟಿಕೆಟ್, ವೀಸಾ, ಕ್ಯಾಬಿನ್ ಎಲ್ಲ ವಿಚಾರಿಸಿಯಾದ ಮೇಲೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮಧ್ಯಾಹ್ನದ ಟೀಗೆ ಬೇರೆ ದುಡ್ಡು ಕೊಡಬೇಕೆ? ಜೊತೆಗೆ ಕೊಡುವ ತಿಂಡಿಯಲ್ಲಿ ಮೊಟ್ಟೆ ಇಲ್ಲದ್ದು ಯಾವುದು? ಬೆಳಿಗ್ಗೆ ಎದ್ದ ಕೂಡಲೇ ಮನೆಯಂಥ ಗಟ್ಟಿ ಟೀ ಸಿಗುತ್ತದೆಯೆ? ಅಮೆರಿಕ, ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರಿಗಂತೂ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಹಡಗಿನಲ್ಲಿ ಎರಡು ಬಗೆಯ ಟೀ ಇವೆ. ಒಂದು, ಸಭಾಂಗಣದಲ್ಲಿ ಸಂಗೀತದ ಜೊತೆ ಬಡಿಸುವ ಇಂಗ್ಲಿಷ್ ಪದ್ಧತಿಯ ಟೀ. ಅಲ್ಲಿ ಎಲೆಯನ್ನು ಬಿಸಿನೀರಿನಲ್ಲಿ ನೆನೆಸುತ್ತಾರೆ, ಹಾಲಿನ ಜೊತೆ ಕುದಿಸುವುದಿಲ್ಲ. ಇನ್ನೊಂದು, ನೀವೇ ಕ್ಯಾಬಿನ್ನಿನಲ್ಲಿ ಮಾಡಿಕೊಳ್ಳುವ ನಮ್ಮ ರುಚಿಯ ಟೀ. ಒಂದರಲ್ಲಿ ಇನ್ನೊಂದನ್ನು ಹುಡುಕಿದರೆ ಎರಡೂ ರುಚಿಸುವುದಿಲ್ಲ. ಎರಡಕ್ಕೂ ಬೇರೆ ಬೇರೆ ಏರ್ಪಾಟು ಮಾಡಿಕೊಂಡರೆ ಎರಡೂ ಸೊಗಸಾಗಿರುತ್ತವೆ.

ಇಲ್ಲಿ ಮುಖ್ಯವಾಗಿ ಕ್ಯುನಾರ್ಡ್ ಕಂಪನಿಯ ಕ್ವೀನ್ ಮೇರಿ 2 ಹಡಗನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. 1840ರಲ್ಲಿ ಲಿವರ್‌ಪೂಲಿನಿಂದ ಅಟ್ಲಾಂಟಿಕ್ ದಾಟುವ ಅಂಚೆ ಹಡಗು ಓಡಿಸಲು ಶುರುಮಾಡಿದ ಕಂಪನಿ ಇದು. 2004ರಲ್ಲಿ ಮೊದಲ ಪ್ರಯಾಣ ಹೊರಟ ಕ್ವೀನ್ ಮೇರಿ 2 ಇಂದಿಗೂ ಇಂಗ್ಲೆಂಡಿನ ಸೌತಾಂಪ್ಟನ್ ಮತ್ತು ನ್ಯೂಯಾರ್ಕ್ ನಡುವೆ ಓಡಾಡುತ್ತಿದೆ. ಈ ದಾಟು ಸಾಮಾನ್ಯವಾಗಿ ಏಳು ರಾತ್ರಿಯದು. ನಡುವೆ ಬಂದರು ಇಲ್ಲ, ಸುತ್ತ ಬರೀ ನೀರು. ಹಾಗಾಗಿ ಮಧ್ಯಾಹ್ನದ ಟೀ ಅಲ್ಲಿ ದಿನದ ದೊಡ್ಡ ಕಾರ್ಯಕ್ರಮವೇ ಆಗಿ ಉಳಿದುಕೊಂಡಿದೆ. ಬೇರೆ ಹಡಗುಗಳಲ್ಲಿ ಏನು ವ್ಯತ್ಯಾಸ ಎಂಬುದನ್ನು ಆಯಾ ಜಾಗದಲ್ಲಿ ಹೇಳಿದ್ದೇವೆ.

ಜೊತೆಗೆ ಇರಬೇಕಾದವು

- ಗಟ್ಟಿ ರುಚಿಯ ಟೀ ಬ್ಯಾಗುಗಳು, ಒಬ್ಬರಿಗೆ ದಿನಕ್ಕೆ ನಾಲ್ಕರ ಲೆಕ್ಕದಲ್ಲಿ. ಕಂಪನಿಯ ಸೀಲ್ ಒಡೆಯದ ಪೊಟ್ಟಣವೇ ಆಗಿರಲಿ.
- ಪುಡಿಯೇ ಬೇಕೆನ್ನುವವರು ಸೀಲ್ ಮಾಡಿದ ಟೀ ಪುಡಿ ಪೊಟ್ಟಣ ಮತ್ತು ಖಾಲಿ ಕಾಗದದ ಫಿಲ್ಟರ್ ಚೀಲಗಳನ್ನು ಇಟ್ಟುಕೊಳ್ಳಿ. ಚಿಕ್ಕಮಗಳೂರಿನ ಕೆಳಗೂರು ಟೀ ಕುಡಿದು ರೂಢಿಯಾದವರಿಗೆ ಇದೇ ದಾರಿ.
- ಶುಂಠಿ ಪುಡಿ ಅಥವಾ ಟೀ ಮಸಾಲೆಯ ಚಿಕ್ಕ ಪೊಟ್ಟಣ, ಇದೂ ಸೀಲ್ ಮಾಡಿದ್ದು.
- 350ರಿಂದ 500 ಮಿಲಿ ಹಿಡಿಯುವ ಸ್ಟೀಲ್ ಥರ್ಮಾಸ್ ಫ್ಲಾಸ್ಕ್, ಒಂದು ಚಮಚ.

ತರಬಾರದ್ದು: ವಿದ್ಯುತ್ ಕೆಟಲ್, ನೀರು ಕಾಯಿಸುವ ಕಾಯಿಲ್, ಇಂಡಕ್ಷನ್ ಒಲೆ. ಹಡಗಿನಲ್ಲಿ ಬೆಂಕಿಯ ಭಯ ಎಲ್ಲಕ್ಕಿಂತ ದೊಡ್ಡದು. ಹತ್ತುವಾಗ ಸಾಮಾನನ್ನು ಸ್ಕ್ಯಾನ್ ಮಾಡುತ್ತಾರೆ. ಕಾಯಿಲ್ ಕಂಡರೆ ತೆಗೆದಿಟ್ಟುಕೊಂಡು, ಕೊಡುವುದಾದರೆ ಇಳಿಯುವ ದಿನ ಕೊಡುತ್ತಾರೆ. ಮನೆಯಲ್ಲಿ ಕಟ್ಟಿದ ತಿಂಡಿಯನ್ನೂ ಹೆಚ್ಚಿನ ಕಂಪನಿಗಳು ಒಳಗೆ ಬಿಡುವುದಿಲ್ಲ.

1. ಬುಕ್ ಮಾಡುವಾಗಲೇ ಕೇಳಿ: ಯಾವ ಟೀ ಟಿಕೆಟ್ಟಿನಲ್ಲಿ ಸೇರಿದೆ?

ಕ್ವೀನ್ ಮೇರಿ 2ರಲ್ಲಿ ಡೆಕ್ 3ರ, ಅಂದರೆ ಮೂರನೆಯ ಅಂತಸ್ತಿನ, ಕ್ವೀನ್ಸ್ ರೂಮ್ ಎಂಬ ನೃತ್ಯ ಸಭಾಂಗಣದಲ್ಲಿ ಬಡಿಸುವ ಮಧ್ಯಾಹ್ನದ ಟೀ ಟಿಕೆಟ್ಟಿನಲ್ಲೇ ಸೇರಿದೆ. ಡೆಕ್ 7ರ ಕಿಂಗ್ಸ್ ಕೋರ್ಟ್ ಬಫೆಯ ಟೀಗೂ ಬೇರೆ ದುಡ್ಡಿಲ್ಲ. ಗ್ರಿಲ್ ದರ್ಜೆ, ಅಂದರೆ ದುಬಾರಿ ದೊಡ್ಡ ಕೋಣೆಗಳಲ್ಲಿ ಇರುವವರಿಗೆ ಬೇರೆಯೇ ಲೌಂಜ್ ಇದೆ. ದುಡ್ಡು ಬೀಳುವುದು ಎರಡು ಕಡೆ: ಟೀ ಜೊತೆ ಶಾಂಪೇನ್ ತೆಗೆದುಕೊಂಡರೆ, ಇಲ್ಲವೇ ಕಾಫಿ ಬಾರಿನಲ್ಲಿ ವಿಶೇಷ ಪಾನೀಯ ಕೇಳಿದರೆ. ಲೆಕ್ಕ ಅಮೆರಿಕನ್ ಡಾಲರಿನಲ್ಲಿ, ಕ್ಯಾಬಿನ್ ಕಾರ್ಡಿಗೆ ಬರೆಯುತ್ತಾರೆ.

ಬೇರೆ ಕಂಪನಿಗಳಲ್ಲಿ: ಪ್ರಿನ್ಸೆಸ್ ಮತ್ತು ಹಾಲೆಂಡ್ ಅಮೆರಿಕ ಹಡಗುಗಳಲ್ಲಿ ಮಧ್ಯಾಹ್ನ ಮೂರರ ಸುಮಾರಿಗೆ ಊಟದ ಸಭಾಂಗಣದಲ್ಲಿ ಕೊಡುವುದು ರೂಢಿ. ಓಷಿಯಾನಿಯಾದಲ್ಲಿ ನಾಲ್ಕಕ್ಕೆ ಹೊರೈಜನ್ಸ್ ಲೌಂಜಿನಲ್ಲಿ, ತಂತಿವಾದ್ಯದ ಮೇಳದೊಂದಿಗೆ. ಬ್ರಿಟಿಷ್ ಪಿ ಆ್ಯಂಡ್ ಓ ಹಡಗುಗಳಲ್ಲಿ ವಿಶೇಷ ರೆಸ್ಟೋರೆಂಟಿನ ಟೀಗೆ ಪ್ರತ್ಯೇಕ ದರ ಇರುತ್ತದೆ. ಮುಂಬೈನಿಂದ ಹೊರಡುವ ಕೊರ್ಡೇಲಿಯಾದಂಥ ಭಾರತೀಯ ಹಡಗಿನಲ್ಲಿ ಸಸ್ಯಾಹಾರ, ಜೈನ್ ಊಟ ಎಲ್ಲವೂ ಸಿಗುವುದರಿಂದ ಈ ಲೇಖನದ ಅರ್ಧದಷ್ಟು ತಲೆಬಿಸಿ ನಿಮಗಿರುವುದಿಲ್ಲ.

ಎಚ್ಚರಿಕೆ: "ಬಿವರೇಜ್ ಪ್ಯಾಕೇಜ್" ಎಂದು ಮಾರುವ ಪಾನೀಯದ ಯೋಜನೆಯನ್ನು ಟೀ ಆಸೆಗೆ ಕೊಳ್ಳಬೇಡಿ. ಸಾಮಾನ್ಯ ಟೀ, ಬಿಸಿನೀರು, ಹಾಲು ಹಡಗಿನ ಊಟದ ಸಭಾಂಗಣದಲ್ಲೂ ಬಫೆಯಲ್ಲೂ ಹೇಗೂ ಉಚಿತ.

2. ಮೊಟ್ಟೆಯ ವಿಚಾರ ಮೊದಲೇ ತಿಳಿಸಿ

ನಮ್ಮವರು ಅತಿ ಹೆಚ್ಚು ಎಡವುವುದು ಇಲ್ಲಿ. ಪಶ್ಚಿಮದ ಹಡಗಿನಲ್ಲಿ "ವೆಜಿಟೇರಿಯನ್" ಎಂದರೆ ಮಾಂಸ, ಮೀನು ಇಲ್ಲ ಎಂದಷ್ಟೇ, ಮೊಟ್ಟೆ ಇರಬಹುದು. "ವೀಗನ್" ಎಂದರೆ ಮೊಟ್ಟೆಯ ಜೊತೆ ಹಾಲು, ಬೆಣ್ಣೆ, ಮೊಸರೂ ಹೋಗುತ್ತದೆ. ಆಗ ಟೀಗೆ ಸೋಯಾ ಅಥವಾ ಓಟ್ಸ್ ಹಾಲು ತಂದಿಡುತ್ತಾರೆ. ಎರಡರ ನಡುವೆ ಇರುವ ನಮ್ಮ ಸಸ್ಯಾಹಾರಕ್ಕೆ ಒಂದೇ ಮಾತಿನ ಹೆಸರಿಲ್ಲ. ಆದ್ದರಿಂದ ಹೆಸರು ಹೇಳದೆ ಪಟ್ಟಿ ಹೇಳಿ: "ನೋ ಮೀಟ್, ನೋ ಫಿಶ್, ನೋ ಎಗ್, ನೋ ಜೆಲಟಿನ್. ಮಿಲ್ಕ್ ಆ್ಯಂಡ್ ಬಟರ್ ಆರ್ ಓಕೆ." ಜೆಲಟಿನ್ ಎಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ, ಸಿಹಿತಿಂಡಿ ಗಟ್ಟಿಯಾಗಲು ಹಾಕುವ ಅಂಟು.

ಇದನ್ನು ಮೂರು ಸಲ ತಿಳಿಸಬೇಕು. ಬುಕಿಂಗ್ ಹೊತ್ತಿನಲ್ಲಿ ಬರಹದಲ್ಲಿ ಒಮ್ಮೆ. ಹಡಗು ಹತ್ತಿದ ಮೊದಲ ಸಂಜೆ ಮೇತ್ರ್ ಡಿ ಅವರಿಗೆ, ಅಂದರೆ ಊಟದ ಸಭಾಂಗಣದ ಮುಖ್ಯಸ್ಥರಿಗೆ ಒಮ್ಮೆ. ಟೀಗೆ ಹೋಗುವ ಹಿಂದಿನ ದಿನ ಇನ್ನೊಮ್ಮೆ. ಮೂರನೆಯದನ್ನು ಬಿಟ್ಟರೆ ಮೊದಲ ಎರಡೂ ವ್ಯರ್ಥವಾಗಬಹುದು. ರಾತ್ರಿಯೂಟದ ಅಡುಗೆಯವರಿಗೆ ನಿಮ್ಮ ಟಿಪ್ಪಣಿ ತಲುಪಿರುತ್ತದೆ. ಟೀ ತಿಂಡಿ ಮಾಡುವುದು ಬೇಕರಿ ವಿಭಾಗ, ಬಡಿಸುವವರೂ ಬೇರೆ ಗುಂಪು. ಒಂದು ದಿನ ಮೊದಲು ಗೊತ್ತಾದರೆ ಮೊಟ್ಟೆಯಿಲ್ಲದ್ದನ್ನು ಬೇರೆಯಾಗಿ ಮಾಡಲು ಅವರಿಗೆ ಸಮಯ ಸಿಗುತ್ತದೆ. ಟೀ ಮೇಜಿಗೆ ಬಂದು ಕುಳಿತ ಮೇಲೆ ಹೇಳಿದರೆ ಸಿಗುವುದು ಸೌತೆಕಾಯಿ ಸ್ಯಾಂಡ್‌ವಿಚ್ ಮಾತ್ರ.

3. ದಿನವನ್ನೂ ಹೊತ್ತನ್ನೂ ಆರಿಸಿಕೊಳ್ಳಿ

ಪ್ರತಿ ರಾತ್ರಿ ಮರುದಿನದ ಕಾರ್ಯಕ್ರಮದ ಹಾಳೆಯನ್ನು ಕ್ಯಾಬಿನ್ನಿಗೆ ತಂದಿಡುತ್ತಾರೆ, ಇಲ್ಲವೇ ಆ್ಯಪ್‌ನಲ್ಲಿ ಹಾಕುತ್ತಾರೆ. ಟೀಯ ಜಾಗ, ವೇಳೆ ಅದರಲ್ಲೇ ಇರುತ್ತದೆ. ಕ್ವೀನ್ಸ್ ರೂಮಿನಲ್ಲಿ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ.

ಬಂದರುಗಳಿರುವ ಪ್ರಯಾಣವಾದರೆ ಲೆಕ್ಕ ಹೀಗೆ: ಹಡಗು ಬಂದರಿನಲ್ಲಿ ನಿಂತ ದಿನ ಜನ ಊರು ನೋಡಲು ಹೋಗಿರುತ್ತಾರೆ, ಟೀ ಸಭಾಂಗಣ ಖಾಲಿ ಇರುತ್ತದೆ. ಸೀ ಡೇ, ಅಂದರೆ ಇಡೀ ದಿನ ಸಮುದ್ರದಲ್ಲೇ ಸಾಗುವ ದಿನ, ಎಲ್ಲರೂ ಅಲ್ಲೇ. ನೆಮ್ಮದಿಯಾಗಿ ಕೂರುವ ಆಸೆ ಇದ್ದರೆ ಬಂದರಿನ ದಿನ ಬೇಗ ಹಿಂತಿರುಗಿ. ಆದರೆ ಕೆಲವು ಕಂಪನಿಗಳು ಸೀ ಡೇಗಳಲ್ಲಿ ಮಾತ್ರ ಪೂರ್ಣ ಟೀ ಕೊಡುತ್ತವೆ. ಹಾಳೆ ನೋಡದೆ ನಂಬಬೇಡಿ.

ಅಟ್ಲಾಂಟಿಕ್ ದಾಟುವಾಗ ಗಡಿಯಾರವೇ ಕೈಕೊಡುತ್ತದೆ. ಸೌತಾಂಪ್ಟನ್ನಿಗೂ ನ್ಯೂಯಾರ್ಕಿಗೂ ಸಾಮಾನ್ಯವಾಗಿ ಐದು ಗಂಟೆ ವ್ಯತ್ಯಾಸ. ನ್ಯೂಯಾರ್ಕಿನ ಕಡೆಗೆ ಹೋಗುವಾಗ ಐದು ರಾತ್ರಿ ಒಂದೊಂದು ಗಂಟೆ ಹಿಂದಿಡುತ್ತಾರೆ. ತೊಂದರೆಯಿಲ್ಲ, ನಿದ್ದೆ ಹೆಚ್ಚು ಸಿಗುತ್ತದೆ. ಇಂಗ್ಲೆಂಡಿನ ಕಡೆಗೆ ಬರುವಾಗ ಕ್ವೀನ್ ಮೇರಿ 2ರಲ್ಲಿ ಹಗಲು ಹನ್ನೆರಡಕ್ಕೆ ಗಡಿಯಾರ ಮುಂದಿಡುವ ಪದ್ಧತಿ ಇದೆ: ಹನ್ನೆರಡಾದ ಕೂಡಲೇ ಒಂದು ಗಂಟೆ. ಆ ದಿನಗಳಲ್ಲಿ ಊಟಕ್ಕೂ ಟೀಗೂ ನಡುವೆ ಹೊಟ್ಟೆಗೆ ಒಂದು ಗಂಟೆ ಕಡಿಮೆ ಸಿಗುತ್ತದೆ. ಮಧ್ಯಾಹ್ನ ಸೂಪು, ಸಲಾಡಿಗೆ ನಿಲ್ಲಿಸಿ. ಮೊಬೈಲ್ ಗಡಿಯಾರವನ್ನೂ ನಂಬಬೇಡಿ. ನಡು ಸಮುದ್ರದಲ್ಲಿ ಅದು ಹಳೆಯ ಊರಿನ ವೇಳೆಯನ್ನೇ ತೋರಿಸುತ್ತಿರಬಹುದು. ಕ್ಯಾಬಿನ್ನಿನ ಟಿವಿಯಲ್ಲೋ ಫೋನಿನಲ್ಲೋ ಕಾಣುವ ಹಡಗಿನ ವೇಳೆಯೇ ಪ್ರಮಾಣ.

ರಾತ್ರಿಯೂಟದ ಸರದಿಯನ್ನೂ ಸೇರಿಸಿ ಯೋಚಿಸಿ. ಕ್ವೀನ್ ಮೇರಿ 2ರ ಮುಖ್ಯ ಊಟದ ಜಾಗವಾದ ಬ್ರಿಟಾನಿಯಾ ರೆಸ್ಟೋರೆಂಟಿನಲ್ಲಿ ಆರು ಗಂಟೆಯ ಸರದಿ, ಎಂಟೂವರೆಯ ಸರದಿ ಎಂದು ಎರಡಿವೆ. ಟೀ ಇಷ್ಟಪಡುವವರಿಗೆ ಎಂಟೂವರೆಯದೇ ಸರಿ. ಆರರ ಸರದಿ ಸಿಕ್ಕಿದ್ದರೆ ಟೀಯಲ್ಲಿ ಎರಡು ಸ್ಯಾಂಡ್‌ವಿಚ್, ಒಂದು ಸ್ಕೋನ್ ಎಂಬ ಸಣ್ಣ ರೊಟ್ಟಿಗೆ ಕೈ ತೊಳೆಯಿರಿ.

4. ಜಾಗ ಹಿಡಿಯಿರಿ

ಕಾಲು ಗಂಟೆ ಮೊದಲು, ಅಂದರೆ ಮೂರೂಕಾಲಿಗೆ ಬಾಗಿಲಲ್ಲಿರಿ. ಮೂರೂ ನಲವತ್ತಕ್ಕೆ ಬಂದರೆ ಜಾಗ ಸಿಗಬಹುದು, ಆದರೆ ಸ್ಯಾಂಡ್‌ವಿಚ್ ತಟ್ಟೆ ನಿಮ್ಮ ಸಾಲನ್ನು ದಾಟಿ ಹೋಗಿರುತ್ತದೆ. ಬಿಳಿ ಕೈಗವಸಿನ ಪರಿಚಾರಕರು ಒಂದೊಂದೇ ಬಗೆಯನ್ನು ದೊಡ್ಡ ತಟ್ಟೆಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಬರುತ್ತಾರೆ. ಅದನ್ನು ನೋಡುವುದೇ ಒಂದು ಸಂತೋಷ. ಶುರುವಿನಲ್ಲೇ ಇದ್ದರೆ ಅದೂ ಸಿಗುತ್ತದೆ.

ಇಬ್ಬರೇ ಇದ್ದರೆ ಅಪರಿಚಿತರ ಜೊತೆ ದೊಡ್ಡ ಮೇಜಿಗೆ ಕೂರಿಸಬಹುದು. ಬೇಡವೆಂದರೆ "ಎ ಟೇಬಲ್ ಫಾರ್ ಟೂ, ಪ್ಲೀಸ್" ಎಂದು ಬಾಗಿಲಲ್ಲೇ ಕೇಳಿ. ಆದರೆ ಒಮ್ಮೆಯಾದರೂ ಹಂಚಿಕೊಂಡ ಮೇಜಿನಲ್ಲಿ ಕುಳಿತು ನೋಡಿ. ಏಳು ದಿನ ಒಂದೇ ಹಡಗಿನಲ್ಲಿ ಇರುವವರ ಜೊತೆ ಮಾತು ಬೆಳೆಯಲು ಇದಕ್ಕಿಂತ ಸುಲಭದ ಜಾಗವಿಲ್ಲ.

ಉಡುಗೆ: ಹಗಲಿನ ಸಾಮಾನ್ಯ ಬಟ್ಟೆ ಸಾಕು. ಈಜುಕೊಳದ ಬಟ್ಟೆ, ಒದ್ದೆ ಚಪ್ಪಲಿ ಬೇಡ. ಹತ್ತಿ ಸೀರೆ, ಚೂಡಿದಾರ, ಕಾಲರ್ ಇರುವ ಅಂಗಿ ಚೆನ್ನಾಗಿಯೇ ಕಾಣುತ್ತವೆ. ಟಿಪ್ಸ್ ಮೇಜಿನ ಮೇಲೆ ಇಡಬೇಕಿಲ್ಲ. ಸೇವಾ ಶುಲ್ಕವನ್ನು ದಿನದ ಲೆಕ್ಕದಲ್ಲಿ ಖಾತೆಗೆ ಸೇರಿಸುತ್ತಾರೆ ಅಥವಾ ಟಿಕೆಟ್ ದರದಲ್ಲೇ ಸೇರಿರುತ್ತದೆ.

5. ಯಾವ ಟೀ ಕೇಳಬೇಕು

ನೀವು ಏನೂ ಹೇಳದಿದ್ದರೆ ಸಾಮಾನ್ಯ ಕಪ್ಪು ಟೀಯನ್ನು ದೊಡ್ಡ ಕುಡಿಕೆಯಿಂದ ಬಗ್ಗಿಸುತ್ತಾರೆ. ಬೇರೆ ಬಗೆ ಬೇಕಾದರೆ ಕುಳಿತ ಕೂಡಲೇ ಕೇಳಿ. ಬಡಿಸಲು ಶುರುವಾದ ಮೇಲೆ ಅವರಿಗೆ ಬಿಡುವಿರುವುದಿಲ್ಲ. ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುವವು ಇವು.

ಇಂಗ್ಲಿಷ್ ಬ್ರೇಕ್‌ಫಾಸ್ಟ್, ಅಸ್ಸಾಮ್: ಗಟ್ಟಿ, ಹಾಲಿಗೆ ಹೊಂದುವಂಥವು. ಕುದಿಯುವ ನೀರು, 4ರಿಂದ 5 ನಿಮಿಷ. ನಮ್ಮ ನಾಲಿಗೆಗೆ ಹತ್ತಿರವಾದದ್ದು ಇದೇ. ಇನ್ನೂ ಗಟ್ಟಿ ಬೇಕಾದರೆ ಕಪ್ಪಿಗೆ ಇನ್ನೊಂದು ಟೀ ಬ್ಯಾಗ್ ಕೇಳಿ. ಐದು ನಿಮಿಷ ದಾಟಿ ನೆನೆಸುತ್ತ ಹೋದರೆ ಗಟ್ಟಿತನಕ್ಕಿಂತ ಒಗರು ಹೆಚ್ಚುತ್ತದೆ. ಎಲೆ ಹೆಚ್ಚಿಸಿ, ಹೊತ್ತು ಹೆಚ್ಚಿಸಬೇಡಿ.

ಡಾರ್ಜೀಲಿಂಗ್: ತೆಳು ಬಣ್ಣ, ಹೂವಿನ ಪರಿಮಳ. 90 ಡಿಗ್ರಿಯ ಆಸುಪಾಸಿನ ನೀರು, 2ರಿಂದ 3 ನಿಮಿಷ. ಹಾಲು ಹಾಕಬೇಡಿ. ಹಾಲು ಬಿದ್ದರೆ ಪರಿಮಳ ಮುಚ್ಚಿಹೋಗಿ ಟೀ ನೀರಿನಂತಾಗುತ್ತದೆ. "ಹಡಗಿನ ಟೀ ಸಪ್ಪೆ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ.

ಅರ್ಲ್ ಗ್ರೇ: ಕಪ್ಪು ಟೀಗೆ ಬರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆ ಸೇರಿಸಿದ್ದು. ಬರ್ಗಮಾಟ್ ನಿಂಬೆ ಜಾತಿಯದು, ಇಟಲಿಯ ದಕ್ಷಿಣದ ಕಲಾಬ್ರಿಯದಲ್ಲಿ ಹೆಚ್ಚು ಬೆಳೆಯುತ್ತದೆ. ಮೂರು ನಿಮಿಷ ಸಾಕು. ನಿಂಬೆ ಹೋಳು ಹಾಕುವುದಾದರೆ ಹಾಲು ಬೇಡ. ಎರಡೂ ಒಂದೇ ಕಪ್ಪಿಗೆ ಬಿದ್ದರೆ ಹಾಲು ಒಡೆಯುತ್ತದೆ.

ಲಾಪ್ಸಾಂಗ್ ಸೂಚಾಂಗ್: ಚೀನಾದ ಫುಜಿಯನ್ ಪ್ರಾಂತ್ಯದ, ಪೈನ್ ಮರದ ಹೊಗೆಯಲ್ಲಿ ಒಣಗಿಸಿದ ಎಲೆ. ಹೊಗೆಯ ವಾಸನೆ ಜೋರು. ಮೊದಲ ದಿನವೇ ಇಡೀ ಕುಡಿಕೆ ತರಿಸಬೇಡಿ, ಒಂದು ಕಪ್ ರುಚಿ ನೋಡಿ.

ಹಸಿರು ಟೀ: 75ರಿಂದ 80 ಡಿಗ್ರಿ, 2 ನಿಮಿಷ. ಕುದಿಯುವ ನೀರು ಬಿದ್ದರೆ ಕಹಿ. ಥರ್ಮಾಮೀಟರ್ ಬೇಡ: ಕುದಿನೀರನ್ನು ತಣ್ಣಗಿನ ಒಂದು ಕಪ್ಪಿಗೆ, ಅಲ್ಲಿಂದ ಇನ್ನೊಂದು ತಣ್ಣಗಿನ ಕಪ್ಪಿಗೆ ಸುರಿದು, ಆಮೇಲೆ ಬ್ಯಾಗ್ ಇಳಿಬಿಡಿ.

ಕ್ಯಾಮೊಮೈಲ್, ಪುದೀನ, ರೂಯ್‌ಬೋಸ್: ಇವು ಟೀ ಗಿಡದ ಎಲೆಯಲ್ಲ, ಕೆಫೀನ್ ಇಲ್ಲ. 5ರಿಂದ 7 ನಿಮಿಷ ಮುಚ್ಚಿಡಿ. ದಕ್ಷಿಣ ಆಫ್ರಿಕದ ರೂಯ್‌ಬೋಸ್‌ಗೆ ಹಾಲು ಹೊಂದುತ್ತದೆ. ಸಂಜೆ ಟೀ ಕುಡಿದರೆ ನಿದ್ದೆ ಬಾರದವರು ಇದನ್ನೇ ಕೇಳಿ. "ಡಿಕ್ಯಾಫ್" ಎಂದು ಬರೆದ ಟೀಯಲ್ಲಿ ಕೆಫೀನ್ ತೀರಾ ಕಡಿಮೆ ಮಾಡಿರುತ್ತಾರೆ, ಪೂರ್ತಿ ಹೋಗಿರುವುದಿಲ್ಲ.

"ಚಾಯ್ ಲಾಟೆ" ಕಂಡು ಖುಷಿಪಡುವ ಮುನ್ನ ಕೇಳಿ ನೋಡಿ. ಹೆಚ್ಚಿನ ಕಡೆ ಅದು ಮೊದಲೇ ಸಕ್ಕರೆ, ಲವಂಗ, ದಾಲ್ಚಿನ್ನಿ ಹಾಕಿ ಬಾಟಲಿಯಲ್ಲಿ ತುಂಬಿಟ್ಟ ಪಾಕಕ್ಕೆ ಬಿಸಿ ಹಾಲು ಬೆರೆಸಿದ್ದು. ಸಿಹಿ ಕಡಿಮೆ ಮಾಡಿಸಲು ಬರುವುದಿಲ್ಲ, ದುಡ್ಡೂ ಬೀಳುತ್ತದೆ.

ಹಾಲಿನ ಬಗ್ಗೆ: ಮೇಜಿಗೆ ಬರುವುದು ತಣ್ಣನೆಯ ಹಾಲು. ಇಂಗ್ಲಿಷ್ ಪದ್ಧತಿಯೇ ಹಾಗೆ. ಟೀ ಆರಿಹೋಗುತ್ತದೆ ಎನ್ನುವವರು "ಹಾಟ್ ಮಿಲ್ಕ್ ಆನ್ ದ ಸೈಡ್" ಎಂದು ಕೇಳಿದರೆ ಚಿಕ್ಕ ಜಗ್ಗಿನಲ್ಲಿ ಬಿಸಿ ಹಾಲು ತಂದುಕೊಡುತ್ತಾರೆ. ಸಂಕೋಚ ಬೇಡ.

6. ತಟ್ಟೆಯಲ್ಲಿ ಬರುವುದು, ಬಿಡಬೇಕಾದದ್ದು

ಕ್ರಮ ಹೀಗೆ: ಮೊದಲು ಸಿಪ್ಪೆ ತೆಗೆದ ಬ್ರೆಡ್ಡಿನ ಬೆರಳುದ್ದದ ಸ್ಯಾಂಡ್‌ವಿಚ್, ಆಮೇಲೆ ಸ್ಕೋನ್, ಕೊನೆಗೆ ಕೇಕು, ಸಿಹಿ. ಪ್ರತಿಯೊಂದನ್ನೂ ಎರಡನೆಯ ಸಲ ಕೇಳಬಹುದು, ಆದ್ದರಿಂದ ಒಂದೇ ಸಲಕ್ಕೆ ರಾಶಿ ಹಾಕಿಸಿಕೊಳ್ಳಬೇಡಿ.

ಸ್ಯಾಂಡ್‌ವಿಚ್‌ಗಳಲ್ಲಿ ಸೌತೆಕಾಯಿಯದು, ಚೀಸಿನದು ಸಸ್ಯಾಹಾರಿಗಳಿಗೆ. ಮೊಟ್ಟೆ, ಹೊಗೆಯಾಡಿಸಿದ ಸಾಲ್ಮನ್ ಮೀನು, ಹ್ಯಾಮ್ ಎಂಬ ಹಂದಿಮಾಂಸ ಪಕ್ಕದಲ್ಲೇ, ಒಂದೇ ತಟ್ಟೆಯಲ್ಲಿ ಇರುತ್ತವೆ. ಒಂದೇ ಇಕ್ಕುಳದಲ್ಲಿ ಎತ್ತಿ ಹಾಕುತ್ತಾರೆ. ಇದು ಸಲ್ಲದು ಎನ್ನುವವರು ಹಿಂದಿನ ದಿನವೇ "ಸೆಪರೇಟ್ ಪ್ಲೇಟ್" ಕೇಳಿಕೊಳ್ಳಿ. ಸೌತೆಕಾಯಿಯ ಜೊತೆ ಬೆಣ್ಣೆಯೋ ಕ್ರೀಮ್ ಚೀಸೋ ಇದ್ದರೆ ಸರಿ. ಮೆಯೊನೀಸ್ ಆಗಿದ್ದರೆ ಅದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ.

ಸ್ಕೋನ್ ಎಂದರೆ ಮೈದಾ, ಬೆಣ್ಣೆ, ಹಾಲು, ಬೇಕಿಂಗ್ ಪೌಡರಿನಿಂದ ಮಾಡಿದ, ಬನ್ನಿಗಿಂತ ಪುಡಿಪುಡಿಯಾದ ಸಣ್ಣ ರೊಟ್ಟಿ. ಸಪ್ಪೆಯದು, ಒಣದ್ರಾಕ್ಷಿಯದು ಎಂದು ಎರಡು ಬಗೆ. ಹಿಟ್ಟಿಗೆ ಮೊಟ್ಟೆ ಹಾಕುವವರಿದ್ದಾರೆ, ಹಾಕದವರೂ ಇದ್ದಾರೆ. ಹಾಕದಿದ್ದರೂ ಹೊಳಪು ಬರಲು ಮೇಲೆ ಮೊಟ್ಟೆ ಸವರುವುದು ಬಹಳ ಸಾಮಾನ್ಯ. ಮೇಲ್ಭಾಗ ಕಂದು ಬಣ್ಣದಲ್ಲಿ ಮಿರುಗುತ್ತಿದ್ದರೆ ಕೇಳದೆ ತಿನ್ನಬೇಡಿ. ಚಾಕುವಿನಿಂದ ಅಡ್ಡಕ್ಕೆ ಎರಡು ಮಾಡಿ, ಜಾಮ್ ಮತ್ತು ಕ್ಲಾಟೆಡ್ ಕ್ರೀಮ್ ಹಚ್ಚಿ ತಿನ್ನಬೇಕು. ಹಾಲಿನ ಕೆನೆಯನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಆರಿಸಿದಾಗ ಮೇಲೆ ಕಟ್ಟುವ ದಪ್ಪ ಪದರವೇ ಕ್ಲಾಟೆಡ್ ಕ್ರೀಮ್. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ್ದಾದರೆ ಅದರಲ್ಲಿ ಕನಿಷ್ಠ 55% ಕೊಬ್ಬು ಇರಬೇಕೆಂಬ ನಿಯಮವಿದೆ. ಕಾರ್ನ್‌ವಾಲಿನವರು ಮೊದಲು ಜಾಮ್ ಹಚ್ಚುತ್ತಾರೆ, ಪಕ್ಕದ ಡೆವನ್‌ನವರು ಮೊದಲು ಕ್ರೀಮ್. ನೀವು ಹೇಗೆ ಹಚ್ಚಿದರೂ ಯಾರೂ ತಪ್ಪೆನ್ನುವುದಿಲ್ಲ.

ಸಿಹಿಯಲ್ಲಿ ಮೊಟ್ಟೆ ತಿನ್ನದವರು ಬಿಡಬೇಕಾದವು: ವಿಕ್ಟೋರಿಯಾ ಸ್ಪಾಂಜ್, ಎಕ್ಲೇರ್, ಮ್ಯಾಕರೋನ್ (ಇದು ಮೊಟ್ಟೆಯ ಬಿಳಿಯಿಂದಲೇ ಆಗುವುದು), ಲೆಮನ್ ಕರ್ಡ್ ತುಂಬಿದ ಯಾವುದೇ ತಿಂಡಿ, ಕಸ್ಟರ್ಡಿನ ಮೇಲೆ ಹಣ್ಣು ಜೋಡಿಸಿದ ಟಾರ್ಟ್. ಲೆಮನ್ ಕರ್ಡ್ ನೋಡಲು ನಿಂಬೆ ಜಾಮಿನಂತಿದ್ದು ಬಹಳ ಜನರನ್ನು ಮೋಸ ಮಾಡುತ್ತದೆ. ಮೂಸ್, ಚೀಸ್ ಕೇಕಿನಲ್ಲಿ ಜೆಲಟಿನ್ ಸಾಧ್ಯತೆ ಹೆಚ್ಚು. ಹೆಚ್ಚು ಭಯವಿಲ್ಲದ್ದು ಶಾರ್ಟ್‌ಬ್ರೆಡ್: ಮೈದಾ, ಬೆಣ್ಣೆ, ಸಕ್ಕರೆ ಇಷ್ಟೇ ಅದರ ಮೂಲ ಪಾಕ. ಆದರೂ ಒಂದು ಮಾತು ಕೇಳಿ. ಅಲರ್ಜಿಯ ಪಟ್ಟಿ ಅಡುಗೆಮನೆಯಲ್ಲಿ ಇರುತ್ತದೆ, ಮೊಟ್ಟೆ ಅದರಲ್ಲಿ ನಮೂದಾಗಿರುತ್ತದೆ.

ಹಡಗು ಹೊಯ್ದಾಡುವ ದಿನ ಕ್ರೀಮ್ ಪೂರ್ತಿ ಬಿಡಿ. ಕಪ್ ಅರ್ಧ ತುಂಬಿಸಲು ಹೇಳಿ, ಕುಡಿಕೆಯನ್ನು ಮೇಜಿನ ನಡುವೆ ಇಡಿ, ಮಕ್ಕಳನ್ನು ಬಗ್ಗಿಸುವ ಕಡೆಯಿಂದ ದೂರ ಕೂರಿಸಿ. ಹೊಟ್ಟೆ ತೊಳಸುತ್ತಿದ್ದರೆ ಹಾಲಿಲ್ಲದ ಶುಂಠಿ ಟೀಯೋ ಪುದೀನ ಟೀಯೋ ಸಾಕು.

7. ಕ್ಯಾಬಿನ್ನಿನಲ್ಲಿ ನಮ್ಮ ಟೀ

ಬ್ರಿಟಿಷ್ ಪ್ರಯಾಣಿಕರು ಹೆಚ್ಚಿರುವ ಕ್ಯುನಾರ್ಡ್, ಪಿ ಆ್ಯಂಡ್ ಓ ಹಡಗುಗಳ ಕ್ಯಾಬಿನ್ನಿನಲ್ಲಿ ಕೆಟಲ್ ಇರುತ್ತದೆ. ಅಮೆರಿಕನ್ನರಿಗಾಗಿ ಓಡುವ ಹಡಗುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೆಟಲ್ ಇದ್ದರೆ ವಿಧಾನ ಹೀಗೆ, ಒಂದು ಕಪ್ಪಿಗೆ:

ಅ) ಹಾಲನ್ನು ಮೊದಲು ತರಿಸಿ. ರೂಮ್ ಸರ್ವೀಸಿಗೆ ಫೋನ್ ಮಾಡಿ ಬಿಸಿ ಹಾಲು ಕೇಳಿ, ಫ್ಲಾಸ್ಕಿಗೆ ಸುರಿದಿಡಿ. ಟ್ರೇಯಲ್ಲಿ ಇಟ್ಟಿರುವ ಪುಟ್ಟ ಡಬ್ಬಿಯ ಹಾಲಿನಲ್ಲಿ ಟೀ ಬಿಳಿಯಾಗುತ್ತದೆಯೇ ಹೊರತು ರುಚಿಯಾಗುವುದಿಲ್ಲ.

ಆ) ಕಪ್ಪಿಗೆ ಬಿಸಿನೀರು ಹಾಕಿ ಅರ್ಧ ನಿಮಿಷ ಬಿಟ್ಟು ಚೆಲ್ಲಿ. ದಪ್ಪ ಪಿಂಗಾಣಿ ಕಪ್ ತಣ್ಣಗಿದ್ದರೆ ಟೀಯ ಬಿಸಿಯನ್ನೆಲ್ಲ ಅದೇ ಹೀರುತ್ತದೆ.

ಇ) ಎರಡು ಟೀ ಬ್ಯಾಗ್ (ಒಟ್ಟು 4ರಿಂದ 5 ಗ್ರಾಂ), ಕಾಲು ಚಮಚ ಶುಂಠಿ ಪುಡಿ ಹಾಕಿ, 120 ಮಿಲಿ ಕುದಿನೀರು ಸುರಿಯಿರಿ. ಸಾಸರ್ ಮುಚ್ಚಿ ಐದು ನಿಮಿಷ ಬಿಡಿ. ಪುಡಿ ಬಳಸುವವರು ಒಂದು ಫಿಲ್ಟರ್ ಚೀಲಕ್ಕೆ ಎರಡು ಮಟ್ಟ ಚಮಚ ಹಾಕಿ ಬಾಯಿ ಮಡಚಿ.

ಈ) ಬ್ಯಾಗನ್ನು ಚಮಚದಿಂದ ಒತ್ತಿ ತೆಗೆಯಿರಿ. ಸಕ್ಕರೆ ಹಾಕಿ, 80 ಮಿಲಿ ಬಿಸಿ ಹಾಲು ಸೇರಿಸಿ.

ಗಮನಿಸಬೇಕಾದ ಕಾರಣಗಳು ಎರಡು. ಹಾಲು ನಂತರವೇ ಏಕೆ? ಹಾಲು ಮೊದಲು ಬಿದ್ದರೆ ನೀರಿನ ಬಿಸಿ ಇಳಿದು ಎಲೆಯ ಸಾರ ಪೂರ್ತಿ ಬಿಡುವುದಿಲ್ಲ. ಮನೆಯಲ್ಲಿ ಒಲೆಯ ಮೇಲೆ ಕುದಿಯುತ್ತಲೇ ಇರುವುದರಿಂದ ಈ ಸಮಸ್ಯೆಯಿಲ್ಲ, ಇಲ್ಲಿದೆ. ಹಸಿ ಶುಂಠಿ ಬಳಸುವುದಾದರೆ ಕುದಿನೀರಿನ ಜೊತೆಯೇ ಏಕೆ ಹಾಕಬೇಕು? ಹಸಿ ಶುಂಠಿಯಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಕಿಣ್ವವಿದೆ. ಕುದಿನೀರಿನಲ್ಲಿ ಅದು ಸಾಯುತ್ತದೆ; ಬರೀ ಬೆಚ್ಚಗಿನ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ಹಸಿ ಶುಂಠಿ, ಪುದೀನ, ನಿಂಬೆ ಹಡಗಿನ ಬಾರುಗಳಲ್ಲಿ ಸಾಮಾನ್ಯವಾಗಿ ಇರುತ್ತವೆ, ಕೇಳಿದರೆ ನಾಲ್ಕು ಹೋಳು ಕೊಡುತ್ತಾರೆ.

ಕೆಟಲ್‌ನಲ್ಲಿ ಹಾಲು ಎಂದೂ ಕಾಯಿಸಬೇಡಿ. ತಳಕ್ಕೆ ಹತ್ತಿ ಸೀಯುತ್ತದೆ, ಉಕ್ಕಿ ಮೇಜಿನ ಮೇಲೆ ಹರಿಯುತ್ತದೆ, ನಂತರ ಬರುವವರ ನೀರೂ ಕೆಡುತ್ತದೆ.

ಕೆಟಲ್ ಇಲ್ಲದ ಹಡಗಿನಲ್ಲಿ ಫ್ಲಾಸ್ಕೇ ಗತಿ. ಬಫೆಯ ಬಿಸಿನೀರಿನ ನಲ್ಲಿಯಲ್ಲಿ ನೀರು ಕುದಿಯುವ ಮಟ್ಟಕ್ಕಿಂತ ಕೆಳಗೇ ಇರುತ್ತದೆ. ಬಫೆಯ ಟೀ ನೀರುನೀರಾಗಲು ಮುಖ್ಯ ಕಾರಣ ಅದೇ. ಕಾಫಿ ಬಾರಿನ ಎಸ್ಪ್ರೆಸೊ ಯಂತ್ರದ ನೀರು ಅದಕ್ಕಿಂತ ಬಿಸಿ. ಅಲ್ಲಿ ಕಪ್ಪಿಗೆ ನೀರು ಪಡೆದು, ಮೊದಲೇ ಬಿಸಿ ಮಾಡಿಟ್ಟ ಫ್ಲಾಸ್ಕಿಗೆ ಸುರಿದು, ಟೀ ಬ್ಯಾಗನ್ನೂ ಫ್ಲಾಸ್ಕಿನೊಳಗೇ ಇಳಿಬಿಟ್ಟು ಮುಚ್ಚಿ. ಬಿಸಿ ಹೊರಹೋಗದೆ ಐದಾರು ನಿಮಿಷದಲ್ಲಿ ಗಟ್ಟಿ ಡಿಕಾಕ್ಷನ್ ಸಿಗುತ್ತದೆ. ಫ್ಲಾಸ್ಕಿನ ಬಾಯಿಯನ್ನು ನೇರ ನಲ್ಲಿಗೆ ತಾಗಿಸಬೇಡಿ. ಹಡಗಿನಲ್ಲಿ ವಾಂತಿಭೇದಿ ತರುವ ನೋರೊವೈರಸ್ ಹರಡುವ ದಾರಿಗಳಲ್ಲಿ ಇದೂ ಒಂದು, ಸಿಬ್ಬಂದಿ ತಡೆಯುವುದು ಸರಿಯಾಗಿಯೇ ಇದೆ.

ನೀರಿನ ರುಚಿ ಬೇರೆ ಎನಿಸಬಹುದು. ದೊಡ್ಡ ಹಡಗುಗಳು ಸಮುದ್ರದ ನೀರಿನ ಉಪ್ಪು ತೆಗೆದು ಸಿಹಿನೀರು ಮಾಡಿಕೊಂಡು ಕ್ಲೋರಿನ್ ಸೇರಿಸುತ್ತವೆ. ಕ್ಲೋರಿನ್ ವಾಸನೆ ಮೂಗಿಗೆ ಬಂದರೆ ಅಗಲ ಬಾಯಿಯ ಜಗ್ಗಿನಲ್ಲಿ ಅರ್ಧ ಗಂಟೆ ತೆರೆದಿಟ್ಟು ಆಮೇಲೆ ಕಾಯಿಸಿ.

ಇನ್ನೊಂದು ದಾರಿಯೂ ಇದೆ. ಮಂಗಳೂರು, ಗೋವಾ, ಕೇರಳದ ಕಡೆಯವರು ಹಡಗುಗಳಲ್ಲಿ ಬಹಳ ಜನ ಕೆಲಸ ಮಾಡುತ್ತಾರೆ. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಊರು ಅಥವಾ ದೇಶ ಬರೆದಿರುವುದುಂಟು. ಮುಖ್ಯ ಪರಿಚಾರಕರನ್ನು ಹಿಂದಿನ ರಾತ್ರಿಯೇ ವಿನಯದಿಂದ ಕೇಳಿಕೊಂಡರೆ ಬೆಳಗಿನ ತಿಂಡಿಗೆ ಕುದಿಸಿದ ಮಸಾಲೆ ಟೀ ಸಿಗುವ ಸಾಧ್ಯತೆ ಚೆನ್ನಾಗಿದೆ. ಬೆಳಿಗ್ಗೆ ಎಂಟರ ನೂಕುನುಗ್ಗಲಿನಲ್ಲಿ ಕೇಳಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ಒಬ್ಬಿಬ್ಬರಿಗಲ್ಲ, ನೂರಾರು ಜನರಿಗೆ ಬಡಿಸುತ್ತಿರುತ್ತಾರೆ.

ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುವವರು ಟೀಗೂ ಮಾತ್ರೆಗೂ ನಡುವೆ ಒಂದೆರಡು ಗಂಟೆ ಬಿಡಿ. ಟೀಯ ಒಗರು ಅಂಶ ಕಬ್ಬಿಣವನ್ನು ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ.

8. ಬಂದರಿನಲ್ಲಿ, ಇಳಿಯುವ ದಿನ

ಟೀ ಮೇಜಿನ ಸ್ಯಾಂಡ್‌ವಿಚ್, ಹಣ್ಣನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರಿನಲ್ಲಿ ಇಳಿಯಬೇಡಿ. ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಇದಕ್ಕೆ ದಂಡ ಬೀಳುತ್ತದೆ. ಟೀ ಪುಡಿ, ಮಸಾಲೆ, ಹಾಲಿನ ಪುಡಿ ಬೆರೆತ ದಿಢೀರ್ ಟೀ ಪೊಟ್ಟಣ ಚೀಲದಲ್ಲಿ ಉಳಿದಿದ್ದರೆ ಕಸ್ಟಮ್ಸ್ ಅರ್ಜಿಯಲ್ಲಿ ಹೌದು ಎಂದು ಬರೆದು ತೋರಿಸಿ. ತೋರಿಸಿದರೆ ಹೆಚ್ಚೆಂದರೆ ಎಸೆಯಿಸುತ್ತಾರೆ. ಬಚ್ಚಿಟ್ಟರೆ ದಂಡ.

ಇಳಿಯುವ ಹಿಂದಿನ ರಾತ್ರಿ ದೊಡ್ಡ ಸಾಮಾನನ್ನು ಕ್ಯಾಬಿನ್ ಹೊರಗೆ ಇಡಿಸುತ್ತಾರೆ, ಬೆಳಗಿನವರೆಗೆ ಅದು ಕೈಗೆ ಸಿಗುವುದಿಲ್ಲ. ಎರಡು ಟೀ ಬ್ಯಾಗ್, ಫ್ಲಾಸ್ಕ್, ಚಮಚವನ್ನು ಕೈಚೀಲದಲ್ಲಿ ಉಳಿಸಿಕೊಳ್ಳಿ. ಆ ಬೆಳಿಗ್ಗೆ ರೂಮ್ ಸರ್ವೀಸ್ ಇಲ್ಲದಿರಬಹುದು, ಹಾಲನ್ನು ರಾತ್ರಿಯೇ ಕೇಳಿ ಕ್ಯಾಬಿನ್ನಿನ ಫ್ರಿಜ್ಜಿನಲ್ಲಿ ಇಟ್ಟುಕೊಳ್ಳಿ.